87 ದಿನ, ಒಂದೇ ಕೋವಿ

1770ರ ಮೇ 1. ಕೆಂಟಕಿಯ ಕಾಡಿನಲ್ಲಿ ಅಣ್ಣ ತಮ್ಮ ಇಬ್ಬರು ಬೇರೆಯಾಗುತ್ತಿದ್ದಾರೆ. ತಮ್ಮ ಸ್ಕ್ವಯರ್ ಬೂನ್ ಬೆಟ್ಟ ದಾಟಿ ಪೂರ್ವಕ್ಕೆ, ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆಯ ಊರಿಗೆ ಹೊರಟಿದ್ದಾನೆ. ಕೋವಿಯ ಮದ್ದು ಮುಗಿಯುತ್ತಾ ಬಂದಿದೆ, ಕುದುರೆಗಳೂ ಬೇಕು. ಅಣ್ಣ ಡೇನಿಯಲ್ ಬೂನ್ ಕಾಡಿನಲ್ಲೇ ಉಳಿಯುತ್ತಾನೆ. ಅವನಿಗೆ ಆಗ 35 ವರ್ಷ. ರೊಟ್ಟಿ ಇಲ್ಲ, ಉಪ್ಪಿಲ್ಲ, ಸಕ್ಕರೆ ಇಲ್ಲ. ಕುದುರೆ ಇಲ್ಲ, ನಾಯಿಯೂ ಇಲ್ಲ. 1784ರಲ್ಲಿ ಅಚ್ಚಾದ ಅವನ ವೃತ್ತಾಂತದಲ್ಲಿ ಇದೆಲ್ಲ ಹೀಗೇ ಸಾಲಾಗಿ ಬರುತ್ತದೆ. ತಮ್ಮ ವಾಪಸ್ ಬಂದಿದ್ದು ಜುಲೈ 27ಕ್ಕೆ. ಲೆಕ್ಕ ಹಾಕಿದರೆ 87 ದಿನ.

ಆ 87 ದಿನವನ್ನು ಒಂದು ಪ್ರಕರಣವಾಗಿ ತೆಗೆದುಕೊಂಡು ಒಂದೇ ಪ್ರಶ್ನೆ ಕೇಳಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ. ಆ ಕಾಲದ ಅಮೆರಿಕದಲ್ಲಿ, ಒಬ್ಬನೇ, ಅಂಗಡಿಯೂ ಕೋಟೆಯೂ ಇಲ್ಲದ ಕಾಡಿಗೆ ಹೋಗುವವನು ಯಾವ ಕೋವಿ ಹಿಡಿಯಬೇಕು? ಹೆಚ್ಚಿನವರು ಈ ಪ್ರಶ್ನೆಗೆ ಗುರಿಯಿಂದ ಉತ್ತರ ಶುರು ಮಾಡುತ್ತಾರೆ. ಎಷ್ಟು ದೂರ ಹೊಡೆಯುತ್ತೆ, ಎಷ್ಟು ದೊಡ್ಡ ಪ್ರಾಣಿ ಬೀಳುತ್ತೆ ಅಂತ. ನನ್ನ ಪ್ರಕಾರ ಶುರು ಮಾಡಬೇಕಾದ ಜಾಗ ಬೇರೆ. ಆ ಕೋವಿ ಎಷ್ಟು ತಿನ್ನುತ್ತೆ? ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಈ ಎರಡು ಪ್ರಶ್ನೆ ಮೊದಲು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಇದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1769ರ ಮೇ 1ರಂದು, ಬೂನ್ ಇನ್ನೂ ಐದು ಜನರ ಜೊತೆ ಯಾಡ್ಕಿನ್ ಬಿಟ್ಟಿದ್ದ. ದಾರಿ ಗೊತ್ತಿದ್ದ ಜಾನ್ ಫಿನ್ಲೆ ಅದರಲ್ಲಿದ್ದ, ಬೂನನ ಭಾವಮೈದುನ ಜಾನ್ ಸ್ಟೀವರ್ಟ್ ಇದ್ದ. ಕಂಬರ್ಲೆಂಡ್ ಗ್ಯಾಪ್ ಅನ್ನುವ ಘಾಟಿ ಇಳಿದು ಜೂನ್ 7ರ ಹೊತ್ತಿಗೆ ರೆಡ್ ರಿವರ್ ಹತ್ತಿರದ ಒಂದು ಎತ್ತರದಿಂದ ಕೆಂಟಕಿಯ ಬಯಲು ನೋಡಿದರು. ಬಂದಿದ್ದು ಜಿಂಕೆ ಚರ್ಮಕ್ಕೆ. ಬೂನನ ತಲೆ ಮೇಲೆ ಸಾಲ ಇತ್ತು, ಚರ್ಮಕ್ಕೆ ಒಳ್ಳೆ ಬೆಲೆ ಇತ್ತು. ಒಂದು ಕುದುರೆ ಸುಮಾರು ನೂರು ಚರ್ಮ ಹೊರುತ್ತಿತ್ತು.

ಆದರೆ ಆ ಕಾಡು ಖಾಲಿ ಕಾಡಲ್ಲ. ಇದನ್ನು ಮರೆತು ಬೂನನ ಕಥೆ ಹೇಳುವುದು ತಪ್ಪು. ಅದು ಶಾವ್ನಿ, ಚೆರೊಕೀ ಅನ್ನುವ ಮೂಲನಿವಾಸಿ ಜನರ ಬೇಟೆಯ ನೆಲ. 1763ರಲ್ಲಿ ಬ್ರಿಟಿಷ್ ರಾಜನೇ ಬೆಟ್ಟಸಾಲಿನ ಪಶ್ಚಿಮಕ್ಕೆ ಹೋಗಿ ನೆಲೆಸಬಾರದು ಅಂತ ಘೋಷಣೆ ಹೊರಡಿಸಿದ್ದ. 1768ರಲ್ಲಿ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಇರೊಕ್ವಾ ಅನ್ನುವ ಇನ್ನೊಂದು ಮೂಲನಿವಾಸಿ ಒಕ್ಕೂಟದ ಮುಖಂಡರು ಒಹಾಯೊ ನದಿಯ ದಕ್ಷಿಣದ ನೆಲವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಅಲ್ಲಿ ಬೇಟೆಯಾಡುತ್ತಿದ್ದ ಶಾವ್ನಿಗಳನ್ನು ಯಾರೂ ಕೇಳಲಿಲ್ಲ. ಅವರ ಕಣ್ಣಿಗೆ ಬೂನ್ ಕಳ್ಳಬೇಟೆಯವನು. ನಾನು ಅವರ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ.

1769ರ ಡಿಸೆಂಬರ್ 22ರಂದು ಶಾವ್ನಿಗಳು ಬೂನ್ ಮತ್ತು ಸ್ಟೀವರ್ಟ್ ಇಬ್ಬರನ್ನೂ ಹಿಡಿದರು. ತಿಂಗಳುಗಟ್ಟಲೆ ಕೂಡಿಟ್ಟ ಚರ್ಮ, ಕುದುರೆ, ಕೋವಿ ಎಲ್ಲ ಹೋಯಿತು. ಮುಂದೆ ಬೂನನ ಮನೆಯವರು ಹೇಳಿಕೊಂಡು ಬಂದ ಮಾತಿನಲ್ಲಿ ಒಂದು ವಿವರ ಇದೆ. ಈ ಪ್ರಕರಣದಲ್ಲಿ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಅದು. ಬಿಡುವಾಗ ಶಾವ್ನಿಗಳು ಇಬ್ಬರಿಗೂ ಕಾಲಿಗೆ ಚರ್ಮದ ಮೆಟ್ಟು ಕೊಟ್ಟರು. ವ್ಯಾಪಾರಿಗಳು ಮಾರುತ್ತಿದ್ದ ಒಂದು ಸಣ್ಣ ಕೋವಿ ಕೊಟ್ಟರು, ಕೆಲವೇ ಈಡಿಗಾಗುವಷ್ಟು ಮದ್ದುಗುಂಡು ಕೊಟ್ಟರು. ಗುಂಡಿಗೆ ಸುತ್ತಲು ಒಂದು ತುಂಡು ಜಿಂಕೆ ಚರ್ಮವನ್ನೂ ಕೊಟ್ಟರು. ಮನೆ ಮುಟ್ಟುವ ತನಕ ಹೊಟ್ಟೆಗಾಗಲಿ ಅಂತ. ಮತ್ತೆ ಬಂದರೆ ಕಣಜ ಕಡಿಯುತ್ತೆ ಹುಷಾರ್ ಅಂತ ಎಚ್ಚರಿಕೆಯನ್ನೂ ಹೇಳಿದರು. ಎಲ್ಲ ಕಸಿದುಕೊಂಡವರು ಒಂದು ಕೋವಿ ಯಾಕೆ ಕೊಟ್ಟರು? ಕೋವಿ ಇಲ್ಲದೆ ಆ ಕಾಡಿನಲ್ಲಿ ಕಳಿಸಿದರೆ ಸಾಯಲು ಕಳಿಸಿದ ಹಾಗೆ ಅಂತ ಅವರಿಗೆ ಗೊತ್ತಿತ್ತು. ಒಬ್ಬ ಮನುಷ್ಯ ಕಾಡು ದಾಟಲು ಕನಿಷ್ಠ ಏನು ಬೇಕು ಅನ್ನುವುದಕ್ಕೆ ಆ ಕಾಡಿನವರೇ ಕೊಟ್ಟ ಉತ್ತರ ಅದು. ಒಂದು ಹಗುರ ಕೋವಿ, ಕೆಲವು ಈಡು, ಒಂದು ತುಂಡು ಚರ್ಮ.

ಈಗ ಆಯ್ಕೆಗೆ ಬರೋಣ. ಆ ಕಾಲಕ್ಕೆ ಮುಖ್ಯವಾಗಿ ಮೂರು ಬಗೆಯ ಕೋವಿ ಕೈಗೆ ಸಿಗುತ್ತಿತ್ತು. ಮೊದಲನೆಯದು ಸೈನಿಕರ ಮಸ್ಕೆಟ್. ಬ್ರಿಟಿಷರ ಬ್ರೌನ್ ಬೆಸ್ ಅಂದರೆ ಮುಕ್ಕಾಲು ಇಂಚು ಬಾಯಿಯ ನಳಿಗೆ, ಸುಮಾರು ನಾಲ್ಕೂಮುಕ್ಕಾಲು ಕಿಲೋ ತೂಕ. ನಳಿಗೆಯ ಒಳಗೆ ನುಣುಪು. ಎರಡನೆಯದು ಹಗುರದ ಬೇಟೆಕೋವಿ. ವ್ಯಾಪಾರಿಗಳು ಮೂಲನಿವಾಸಿಗಳಿಗೆ ಮಾರುತ್ತಿದ್ದದ್ದೂ ಇದೇ ಬಗೆ. ಒಳಗೆ ಇದೂ ನುಣುಪೇ. ಆದರೆ ಬಾಯಿ ಸುಮಾರು ಆರು ಹತ್ತಾಂಶ ಇಂಚು, ತೂಕ ಮೂರು ಕಿಲೋ ಆಸುಪಾಸು. ಒಂದೇ ಗುಂಡೂ ಹಾಕಬಹುದು, ಚರೆಯೂ ತುಂಬಬಹುದು. ಮೂರನೆಯದು ಉದ್ದ ರೈಫಲ್. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮತ್ತು ಸ್ವಿಸ್ ಕುಶಲಕರ್ಮಿಗಳು ತಮ್ಮೂರಿನ ಗಿಡ್ಡ, ದಪ್ಪ ಬಾಯಿಯ ಯೇಗರ್ ರೈಫಲನ್ನು ಅಮೆರಿಕದ ಕಾಡಿಗೆ ತಕ್ಕಂತೆ ತಿದ್ದುತ್ತಾ ಹೋದರು. ನಳಿಗೆ ಉದ್ದವಾಯಿತು, 40 ಇಂಚು ದಾಟಿತು. ಬಾಯಿ ಸಣ್ಣದಾಯಿತು, ಅರ್ಧ ಇಂಚು ಅಥವಾ ಅದಕ್ಕೂ ಕಡಿಮೆ. ನಳಿಗೆಯ ಒಳಗೆ ಸುರುಳಿ ಗೀರು. ಗುಂಡು ತಿರುಗುತ್ತಾ ಹೊರಬರುತ್ತದೆ, ನೆಟ್ಟಗೆ ಹೋಗುತ್ತದೆ. ನುಣುಪು ನಳಿಗೆಯವನು 50 ಮೀಟರ್ ಆಚೆ ನಂಬಿಕೆಯಿಂದ ಹೊಡೆಯಲಾರ. ರೈಫಲ್ ಹಿಡಿದ ಪಳಗಿದವನಿಗೆ 150 ಮೀಟರ್ ಕಷ್ಟವಲ್ಲ.

ಪಿಸ್ತೂಲು ಬಿಟ್ಟುಬಿಡಿ. ಹತ್ತು ಹದಿನೈದು ಹೆಜ್ಜೆಯ ಆಚೆ ಕೆಲಸಕ್ಕೆ ಬಾರದ ಒಂದು ಕಿಲೋ ಕಬ್ಬಿಣ. ಅಷ್ಟೇ ತೂಕದ ಒಂದು ಕೈಗೊಡಲಿ ಸೌದೆ ಸೀಳುತ್ತದೆ, ಮೂಳೆ ಒಡೆಯುತ್ತದೆ, ಮದ್ದೂ ಕೇಳುವುದಿಲ್ಲ.

ಉಳಿದ ಮೂರರಲ್ಲಿ ಯಾವುದು? ಇಲ್ಲಿ ಸೀಸದ ಲೆಕ್ಕ ಹಾಕಲೇಬೇಕು. ನಾನು ಹಾಕಿದೆ. ಉರುಟು ಗುಂಡಿನ ಅಡ್ಡಳತೆ ಸ್ವಲ್ಪ ಹೆಚ್ಚಿದರೂ ತೂಕ ದಿಢೀರ್ ಅಂತ ಏರುತ್ತದೆ. ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಒಂದು ಕಿಲೋ ಸೀಸದಲ್ಲಿ ಮಸ್ಕೆಟ್ಟಿಗೆ ಆಗುವ 0.69 ಇಂಚಿನ ಗುಂಡು ಬರೀ 31 ಸಿಗುತ್ತದೆ. ಬೇಟೆಕೋವಿಯ 0.60 ಇಂಚಿನ ಗುಂಡಾದರೆ 47. ಅರ್ಧ ಇಂಚು ಬಾಯಿಯ ರೈಫಲಿಗೆ ಬೇಕಾದ 0.49 ಇಂಚಿನ ಗುಂಡು 87. ಇನ್ನೂ ಸಣ್ಣದು, 0.44 ಇಂಚಿಂದು, 120.

87 ಅನ್ನುವ ಸಂಖ್ಯೆ ಬಂದಾಗ ನಾನು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತೆ. 87 ದಿನ, 87 ಗುಂಡು, ಒಂದು ಕಿಲೋ ಸೀಸ. ದಿನಕ್ಕೊಂದು ಈಡು. ಅದಕ್ಕೆ ಬೇಕಾದ ಮದ್ದು ಸುಮಾರು 400 ಗ್ರಾಂ. ಒಂದು ದೊಡ್ಡ ಎತ್ತಿನ ಕೊಂಬಿನೊಳಗೆ ಹಿಡಿಯುತ್ತದೆ. ಎರಡೂ ಸೇರಿ ಒಂದೂವರೆ ಕಿಲೋ ಒಳಗೇ ಬಂತು. ಅದೇ 87 ಈಡು ಮಸ್ಕೆಟ್ಟಿನಲ್ಲಿ ಹೊಡೆಯಲು ಸೀಸವೇ 2.8 ಕಿಲೋ ಬೇಕು, ಮದ್ದೂ ಜಾಸ್ತಿ. ಕುದುರೆ ಇಲ್ಲದವನಿಗೆ, ಎಲ್ಲವನ್ನೂ ತನ್ನ ಹೆಗಲ ಮೇಲೆ ಹೊರುವವನಿಗೆ, ಇದು ಸಣ್ಣ ವ್ಯತ್ಯಾಸ ಅಲ್ಲ.

ಇನ್ನೊಂದು ವಿಷಯ ಇದೆ. ಸಣ್ಣ ಗುಂಡು ಕೆಲವೊಮ್ಮೆ ಜಿಂಕೆಯ ಮೈ ತೂರಿ ಹೋಗುವುದಿಲ್ಲ. ಆಚೆ ಬದಿಯ ಚರ್ಮದ ಕೆಳಗೆ ಚಪ್ಪಟೆಯಾಗಿ ನಿಂತುಬಿಡುತ್ತದೆ. ಚರ್ಮ ಸುಲಿಯುವಾಗ ಬೆರಳಿಗೆ ಸಿಗುತ್ತದೆ. ಅದನ್ನು ತೊಳೆದು ಚೀಲಕ್ಕೆ ಹಾಕಿಕೊಳ್ಳುವುದು. ರಾತ್ರಿ ಕೆಂಡದ ಮೇಲೆ ಸಣ್ಣ ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಇಕ್ಕಳದ ಹಾಗಿರುವ ಅಚ್ಚಿಗೆ ಹೊಯ್ದು, ಒಂದು ಕ್ಷಣ ಬಿಟ್ಟು ಅಚ್ಚು ತೆರೆದರೆ ಬೆಳ್ಳಿ ಬಣ್ಣದ ಹೊಸ ಗುಂಡು. ಮೇಲೆ ಉಳಿದ ಬಾಲವನ್ನು ಚಾಕುವಿನಿಂದ ಕತ್ತರಿಸಿ ಆ ಚೂರನ್ನೂ ಮತ್ತೆ ಸೌಟಿಗೇ ಹಾಕುವುದು. ಒಂದೊಂದು ರೈಫಲಿನ ಬಾಯಿ ಒಂದೊಂದು ಅಳತೆ. ಹಾಗಾಗಿ ಕೋವಿ ಮಾಡಿದವನೇ ಅದಕ್ಕೆ ಹೊಂದುವ ಅಚ್ಚನ್ನೂ ಜೊತೆಗೆ ಕೊಡುತ್ತಿದ್ದ. ಆ ಅಚ್ಚು ಕಳೆದುಹೋದರೆ ಕೋವಿ ಇದ್ದೂ ಇಲ್ಲದ ಹಾಗೆ.

ಸೀಸವನ್ನು ಹೀಗೆ ವಾಪಸ್ ಪಡೆಯಬಹುದು. ಮದ್ದು ಹೋದರೆ ಹೋಯಿತು. ಆದ್ದರಿಂದ ಕಾಡಿನಲ್ಲಿ ನಿಜವಾದ ದುಡ್ಡು ಅಂದರೆ ಮದ್ದು. ಬ್ರಿಟಿಷ್ ಮದ್ದಿಗೆ ಬೇಕಾದ ಪೆಟ್ಲುಪ್ಪಿನ ಬಹುಪಾಲು ಆಗ ಹೋಗುತ್ತಿದ್ದದ್ದು ನಮ್ಮ ಬಿಹಾರದಿಂದ. ಪಟ್ನಾ ಸುತ್ತಮುತ್ತ ಮಣ್ಣು ಸೋಸಿ ತೆಗೆದ ಉಪ್ಪು ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಲಂಡನ್ ಸೇರಿ, ಅಲ್ಲಿ ಮದ್ದಾಗಿ, ಮತ್ತೊಂದು ಸಮುದ್ರ ದಾಟುತ್ತಿತ್ತು.

ಈಗ ಮಳೆ. ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಗೊತ್ತಿರುತ್ತದೆ, ಬಾಯಿಯಿಂದ ಮದ್ದು ತುಂಬಿ, ಗಜ ಅನ್ನುವ ಸರಳಿನಿಂದ ಜಡಿದು, ಹಿಂದೆ ಮೊಲೆಯ ಮೇಲೆ ತಾಮ್ರದ ಕೇಪು ಕೂರಿಸುವ ಕೋವಿ. ಜೂನ್ ಬಂತೆಂದರೆ ಅಜ್ಜ ಅದನ್ನು ಮುಟ್ಟುತ್ತಿರಲಿಲ್ಲ. ಮದ್ದಿನ ಬುರುಡೆ ಅಟ್ಟ ಸೇರುತ್ತಿತ್ತು. ಕೇಪು ಮುಚ್ಚಿದ ಕೋವಿಗೇ ಈ ಗತಿ. ಕೇಪು ಬಂದಿದ್ದು 1820ರ ನಂತರ. ಬೂನನ ಕಾಲದ್ದು ಚಕಮಕಿ ಕೋವಿ. ಕೋವಿಯ ಕುದುರೆ, ಅಂದರೆ ಸುತ್ತಿಗೆಯ ಹಾಗೆ ಬಡಿಯುವ ಕೊಕ್ಕೆ, ಅದರ ಬಾಯಲ್ಲಿ ಕಚ್ಚಿಸಿದ ಒಂದು ಕಲ್ಲು, ಅದು ಬಡಿಯಲು ಉಕ್ಕಿನ ಪಟ್ಟಿ, ಅದರ ಕೆಳಗೆ ಬೋಗುಣಿಯ ಹಾಗಿರುವ ಸಣ್ಣ ಗುಳಿ. ಗುಳಿಯಲ್ಲಿ ಒಂದು ಚಿಟಿಕೆ ಮದ್ದು. ಪಟ್ಟಿ ಮುಚ್ಚಿದ್ದರೂ ಇಬ್ಬನಿ, ಸೋನೆ, ಬೆವರು ಎಲ್ಲದಕ್ಕೂ ಅದು ತೆರೆದುಕೊಂಡಿರುವ ಜಾಗ. ಎಷ್ಟೋ ಸಲ ಗುಳಿಯ ಮದ್ದು ಭುಗ್ ಅನ್ನುತ್ತದೆ, ಒಳಗಿನ ಈಡು ಹಾರುವುದಿಲ್ಲ. ಜಿಂಕೆ ಓಡಿಹೋಗುತ್ತದೆ. ಅದಕ್ಕೇ ಜಿಡ್ಡು ಹಚ್ಚಿದ ಚರ್ಮದ ಒಂದು ತುಂಡನ್ನು ಕೀಲಿನ ಮೇಲೆ, ಅಂದರೆ ಈ ಕಲ್ಲು, ಪಟ್ಟಿ, ಗುಳಿ ಎಲ್ಲ ಇರುವ ಭಾಗದ ಮೇಲೆ, ಕಟ್ಟಿಕೊಂಡು ನಡೆಯುತ್ತಿದ್ದರು. ಅಜ್ಜನ ಕೋವಿ ನೋಡಿ ಬೆಳೆದ ನನಗೆ ಆ ಚರ್ಮದ ತುಂಡಿನ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ಈ ಕಷ್ಟ ಮೂರು ಕೋವಿಗೂ ಸಮಾನ. ಲಾಭವೂ ಸಮಾನ. ಚಕಮಕಿಗೆ ಕೇಪಿನ ಹಾಗೆ ಅಂಗಡಿಯ ಸಾಮಾನು ಬೇಡ. ಒಂದು ಒಳ್ಳೆ ಕಲ್ಲು ಹತ್ತಾರು ಈಡು ಬಾಳುತ್ತದೆ, ಮೊಂಡಾದರೆ ಅಂಚು ತಟ್ಟಿ ಮತ್ತೆ ಚೂಪು ಮಾಡಬಹುದು. ಅದೇ ಕೀಲಿನ ಕಿಡಿಯಿಂದ ಒಣ ನಾರಿಗೆ ಬೆಂಕಿ ಹೊತ್ತಿಸಲೂಬಹುದು. ಒಬ್ಬನೇ ಇರುವವನಿಗೆ ಇದೂ ಒಂದು ದೊಡ್ಡ ಧೈರ್ಯ.

ರೈಫಲಿನ ವಿರುದ್ಧ ಹೇಳಬೇಕಾದದ್ದೂ ಇದೆ. ತುಂಬಲು ಹೊತ್ತು ಹಿಡಿಯುತ್ತದೆ. ಕೊಂಬಿನಿಂದ ಅಳತೆಗೆ, ಅಳತೆಯಿಂದ ನಳಿಗೆಗೆ ಮದ್ದು. ಬಾಯಿಯ ಮೇಲೆ ಜಿಡ್ಡು ಸವರಿದ ಬಟ್ಟೆ ಅಥವಾ ಚರ್ಮದ ಚೂರು, ಅದರ ಮೇಲೆ ಗುಂಡು. ಬಿಗಿಯಾಗಿ ಗಜದಿಂದ ತಳ್ಳಬೇಕು, ಆಮೇಲೆ ಗುಳಿಗೆ ಮದ್ದು. ಮಸ್ಕೆಟ್ಟಿನವನು ನಿಮಿಷಕ್ಕೆ ಮೂರು ಈಡು ಹೊಡೆಯುವಾಗ ರೈಫಲಿನವನಿಗೆ ಒಂದೋ ಎರಡೋ. ನಾಲ್ಕಾರು ಈಡಿಗೆ ಗೀರಿನಲ್ಲಿ ಮಸಿ ಕಟ್ಟುತ್ತದೆ. ಚರೆ ಹೊಡೆಯಲು ಲಾಯಕ್ಕಿಲ್ಲ, ಹಾರುವ ಹಕ್ಕಿ ಸಿಗುವುದಿಲ್ಲ. ಹಿಡಿ ಕಿರಿದಾಗುವ ಕುತ್ತಿಗೆಯ ಹತ್ತಿರ ಮರ ಸಪೂರ, ಬಿದ್ದರೆ ಅಲ್ಲೇ ಮುರಿಯುತ್ತದೆ.

ಈ ಕಾರಣಕ್ಕೇ ಒಬ್ಬನೇ ಹೋಗುವವನಿಗೆ ನುಣುಪು ನಳಿಗೆಯ ಹಗುರ ಕೋವಿಯೇ ಸರಿ ಅಂತ ವಾದಿಸುವವರು ಇದ್ದಾರೆ. ಹಕ್ಕಿಗೂ ಆಯಿತು, ಜಿಂಕೆಗೂ ಆಯಿತು ಅಂತ. ಕೆಲವು ಕಡೆ ಆ ಮಾತು ನಿಜ. ಬೂನನ ಹಾಗೆಯೇ ಪೆನ್ಸಿಲ್ವೇನಿಯಾದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಮನೆಯಲ್ಲಿ ಹುಟ್ಟಿದ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ 1774ರಲ್ಲಿ ಫ್ಲೋರಿಡಾದ ಸೇಂಟ್ ಜಾನ್ಸ್ ನದಿಯಲ್ಲಿ ಸಣ್ಣ ದೋಣಿಯಲ್ಲಿ ಹೋದಾಗ ಹಗುರದ ಬೇಟೆಕೋವಿ ಒಯ್ದಿದ್ದ. ನೀರಿನ ದಾರಿ, ಹಕ್ಕಿಗಳ ನಾಡು, ಗಿಡ ಹುಡುಕುವ ಕೆಲಸ. ಅವನ ಆಯ್ಕೆ ಸರಿಯಾಗಿಯೇ ಇತ್ತು. ಆದರೂ ಮೊಸಳೆ ಜಾತಿಯ ಅಲಿಗೇಟರ್‌ಗಳ ನಡುವೆ ದೋಣಿ ಇಳಿಸುವಾಗ ಕೋವಿ ನೀರಿಗೆ ಬಿದ್ದುಹೋದೀತು ಅಂತ ಅದನ್ನು ದಡದಲ್ಲೇ ಬಿಟ್ಟು, ಒಂದು ದೊಣ್ಣೆ ಹಿಡಿದು ಹೋದ. ಕೋವಿ ಕಳೆದುಕೊಳ್ಳುವುದು ಅಲಿಗೇಟರ್‌ಗಿಂತ ದೊಡ್ಡ ಭಯ. ಅಂಗಡಿ ದೂರ ಇರುವವನಿಗೆ ಮಾತ್ರ ಹೊಳೆಯುವ ಲೆಕ್ಕ ಅದು.

ಕೆಂಟಕಿಯ ಕಥೆ ಬೇರೆ. ಅಲ್ಲಿ ತಿನ್ನಲು ಜಿಂಕೆ ಬೇಕಾದಷ್ಟಿತ್ತು. ಉಪ್ಪುನೀರಿನ ಜೌಗುಗಳಿಗೆ ನಮ್ಮ ಕಾಟಿಯ ದಾಯಾದಿಗಳಾದ ಬೈಸನ್ ಹಿಂಡು ಹಿಂಡಾಗಿ ನೆಕ್ಕಲು ಬರುತ್ತಿದ್ದವು. ಹಕ್ಕಿಗೆ ಮದ್ದು ಸುಡುವ ಅಗತ್ಯವೇ ಇಲ್ಲ. ಒಂದು ಜಿಂಕೆ ಕೆಡವಿದರೆ ಹಲವು ದಿನದ ಊಟ. ಚರೆ ಹೊಡೆದು ಒಂದೊಂದು ಹಕ್ಕಿ ಇಳಿಸಿದರೆ ಪ್ರತಿ ಊಟಕ್ಕೂ ಒಂದು ಈಡು. ಚರ್ಮ ಮಾರುವವನಿಗೆ ಸಣ್ಣ ತೂತೇ ಒಳ್ಳೆಯದು. ಬೈಸನ್‌ಗೆ ಅರ್ಧ ಇಂಚಿನ ಗುಂಡು ಕಡಿಮೆಯೇ, ಒಪ್ಪುತ್ತೇನೆ. ಆದರೆ ಹತ್ತಿರ ಹೋಗಿ ಮುಂಗಾಲಿನ ಹಿಂದೆ ಸರಿಯಾಗಿ ಬಿಟ್ಟರೆ ಸಾಕಾಗುತ್ತಿತ್ತು. ಮುಂದೆ ಬೇಟೆಗಾರರು ಮಿಸೌರಿ ದಾಟಿ ಗ್ರಿಜ್ಲಿ ಕರಡಿ ಎದುರಿಸಿದಾಗ ಈ ಸಣ್ಣ ಬಾಯಿ ಸಾಲಲಿಲ್ಲ. ಅಲ್ಲಿ ರೈಫಲ್ ಗಿಡ್ಡವಾಯಿತು, ನಳಿಗೆ ದಪ್ಪವಾಯಿತು. ಆ ನಾಡಿಗೆ ಆ ಕೋವಿ.

ಇನ್ನೊಂದು ಕಾರಣವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಸದ್ದು. ಕರಿಮದ್ದಿನ ಈಡು ಕಣಿವೆಯಲ್ಲಿ ಮೈಲಿಗಟ್ಟಲೆ ಕೇಳುತ್ತದೆ, ಬಿಳಿ ಹೊಗೆ ಮರದ ತುದಿಯ ತನಕ ಏಳುತ್ತದೆ. ಒಬ್ಬನೇ ಇರುವವನು ಹೊಡೆದ ಪ್ರತಿ ಈಡೂ ನಾನಿಲ್ಲಿದ್ದೇನೆ ಅಂತ ಕೂಗಿ ಹೇಳಿದ ಹಾಗೆ. ಆದ್ದರಿಂದ ಬೇಕಾದದ್ದು ಬೇಗ ಬೇಗ ಹೊಡೆಯುವ ಕೋವಿ ಅಲ್ಲ, ಒಂದೇ ಈಡಿನಲ್ಲಿ ಕೆಲಸ ಮುಗಿಸುವ ಕೋವಿ. ಎರಡನೇ ಸದ್ದು ಇರಬಾರದು.

ಹಾಗಾದರೆ ನನ್ನ ತೀರ್ಪು ಏನು? ಅರ್ಧ ಇಂಚಿಗಿಂತ ದೊಡ್ಡದಲ್ಲದ ಬಾಯಿಯ ಒಂದು ರೈಫಲ್. ಅಲಂಕಾರ ಬೇಡ, ಹಿತ್ತಾಳೆಯ ಹೊಳಪು ಬೇಡ. ಅದರದೇ ಅಚ್ಚು, ಒಂದು ಸೌಟು. ಒಂದು ಕಿಲೋ ಸೀಸ, ಒಂದು ಕೊಂಬು ತುಂಬ ಮದ್ದು, ಹತ್ತು ಚಕಮಕಿ ಕಲ್ಲು. ಕೀಲಿಗೆ ಒಂದು ಸ್ಪ್ರಿಂಗ್ ಹೆಚ್ಚಿಗೆ, ಯಾಕೆಂದರೆ ಅದೊಂದನ್ನು ಕಾಡು ಕೊಡುವುದಿಲ್ಲ. ಕೈಗೊಡಲಿ, ಚಾಕು.

ಬೂನ್ ಆ 87 ದಿನ ಕಳೆದ ರೀತಿ ಈ ಲೆಕ್ಕಕ್ಕೆ ಹೊಂದುತ್ತದೆ. ಮದ್ದು ಕಡಿಮೆ ಇದ್ದಾಗ ಚರ್ಮದ ಬೇಟೆ ಬದಿಗಿಟ್ಟು ನಾಡು ನೋಡುತ್ತಾ ಅಲೆದ. ಎಷ್ಟೋ ರಾತ್ರಿ ದಟ್ಟವಾದ ಕೇನ್ ಮೆಳೆಗಳೊಳಗೆ ಮಲಗಿದ. ನಮ್ಮ ಕಡೆಯ ವಾಟೆ ಮೆಳೆ ನೋಡಿದವರಿಗೆ ಅದರ ಚಿತ್ರ ಕಣ್ಣಿಗೆ ಬರುತ್ತದೆ. ಒಳಗೆ ನುಗ್ಗಿದವನು ಎರಡು ಮಾರು ದೂರದವನಿಗೂ ಕಾಣುವುದಿಲ್ಲ, ಸದ್ದಿಲ್ಲದೆ ಯಾರೂ ಹತ್ತಿರ ಬರಲಾರರು. ಒಮ್ಮೆ ಒಂದು ಏಣು ಹತ್ತಿ ಪಶ್ಚಿಮಕ್ಕೆ ನೋಡಿದ. ದೂರದಲ್ಲಿ ಒಹಾಯೊ ನದಿ. ಗಾಳಿ ಇಲ್ಲ, ಎಲೆ ಅಲುಗುತ್ತಿಲ್ಲ. ಅವತ್ತು ಸಿಹಿನೀರಿನ ಒಂದು ಒರತೆಯ ಹತ್ತಿರ ಬೆಂಕಿ ಮಾಡಿ, ಕೆಲವು ಗಂಟೆ ಮುಂಚೆ ಹೊಡೆದ ಗಂಡು ಜಿಂಕೆಯ ಸೊಂಟದ ಮಾಂಸ ಸುಟ್ಟುಕೊಂಡು ತಿಂದ. ಉಪ್ಪಿಲ್ಲದ ಮಾಂಸ. ಅದನ್ನು ಅವನು ಹಬ್ಬದೂಟ ಅಂತ ನೆನಪಿಟ್ಟುಕೊಂಡಿದ್ದ.

ರಿಪೇರಿಯ ಪ್ರಶ್ನೆ ಬಾಕಿ ಇದೆ. ಸ್ಕ್ವಯರ್ ಹುಡುಗನಾಗಿದ್ದಾಗ ಪೆನ್ಸಿಲ್ವೇನಿಯಾದಲ್ಲಿ ಕೋವಿ ಮಾಡುವ ಕೆಲಸ ಕಲಿತವನು. ಅಂದರೆ ಮೇ 1ರಂದು ಡೇನಿಯಲ್ ಬರೀ ತಮ್ಮನನ್ನು ಕಳಿಸಲಿಲ್ಲ, ಆ ಕಾಡಿನಲ್ಲಿದ್ದ ಒಬ್ಬನೇ ಕೋವಿ ಕಮ್ಮಾರನನ್ನೂ ಕಳಿಸಿದ. ಆಮೇಲೆ ಏನು ಮುರಿದರೂ ಅವನ ಎರಡು ಕೈಯೇ ಗತಿ. ಆ ಕೈಗೆ ಎಷ್ಟು ಬರುತ್ತಿತ್ತು ಅನ್ನುವುದು ಎಂಟು ವರ್ಷದ ನಂತರ ಗೊತ್ತಾಯಿತು. 1778ರ ಜೂನ್‌ನಲ್ಲಿ ಬೂನ್ ಮತ್ತೆ ಶಾವ್ನಿಗಳ ಸೆರೆಯಿಂದ ತಪ್ಪಿಸಿಕೊಂಡ. ಬೂನ್ಸ್‌ಬರೊ ಕೋಟೆಗೆ 160 ಮೈಲಿ, ನಾಲ್ಕು ದಿನ. ಅವನ ಮಗ ಹೇಳಿದ ಪ್ರಕಾರ ಕೈಯಲ್ಲಿದ್ದದ್ದು ಹಿಡಿಯೇ ಇಲ್ಲದ ಒಂದು ನಳಿಗೆ ಮತ್ತು ಒಂದು ಕೀಲು. ದಾರಿಯಲ್ಲಿ ಎಳೆ ಮರವೊಂದನ್ನು ಕಡಿದು, ಕೆತ್ತಿ, ನಳಿಗೆಯನ್ನು ಚರ್ಮದ ದಾರದಿಂದ ಅದಕ್ಕೆ ಬಿಗಿದ. ಆ ಕೋವಿಯಿಂದ ಒಂದು ಬೈಸನ್ ಹೊಡೆದ. ನಾಲ್ಕು ದಿನದಲ್ಲಿ ಅವನು ತಿಂದದ್ದು ಒಂದೇ ಊಟ.

ಕೊನೆಗೆ ಸ್ಟೀವರ್ಟ್. 1770ರ ಮೊದಲ ತಿಂಗಳುಗಳಲ್ಲಿ, ಸ್ಕ್ವಯರ್ ಊರಿಗೆ ಹೊರಡುವ ಮುಂಚೆಯೇ, ಅವನು ಒಬ್ಬನೇ ನದಿಯ ಆಚೆ ಬೇಟೆಗೆ ಹೋದವನು ವಾಪಸ್ ಬರಲಿಲ್ಲ. ಐದು ವರ್ಷದ ನಂತರ, 1775ರಲ್ಲಿ, ಬೂನನ ಜೊತೆ ರಸ್ತೆ ಕಡಿಯುತ್ತಿದ್ದವರು ರಾಕ್‌ಕ್ಯಾಸಲ್ ನದಿಯ ಹತ್ತಿರ ಒಂದು ಸಿಕಮೋರ್ ಮರದ ಪೊಟರೆಯೊಳಗೆ ಮೂಳೆಗಳನ್ನು ಕಂಡರು. ಎಡಗೈಯ ಮೂಳೆ ಮುರಿದಿತ್ತು, ಅದರ ಮೇಲೆ ಗುಂಡಿನ ಗುರುತು ಇತ್ತು. ಪಕ್ಕದಲ್ಲಿ ಮದ್ದಿನ ಕೊಂಬು. ಅದರ ಹಿತ್ತಾಳೆ ಪಟ್ಟಿಯ ಮೇಲೆ ಕೊರೆದ ಅಕ್ಷರ ನೋಡಿ ಬೂನ್ ಭಾವಮೈದುನನನ್ನು ಗುರುತಿಸಿದ. ರೈಫಲ್ ಅಲ್ಲಿರಲಿಲ್ಲ.